ಕರಡಿ ಕಥೆಗೆ ದೊಡ್ಡವರು ನಗ್ತಾರೆ, ಮಕ್ಕಳು ನಗಲ್ಲ. ಚಿತ್ರಪುಸ್ತಕದಲ್ಲಿ ಏನು ಬದಲಿಸಬೇಕು?

ಹುತ್ತದಮನೆ:
4ರಿಂದ 7 ವರ್ಷದವರಿಗೆ ಒಂದು ತಮಾಷೆ ಚಿತ್ರಪುಸ್ತಕ. ಜಾಗ ಬಳ್ಳಾರಿ ಕಡೆಯ ದರೋಜಿ ಕರಡಿಧಾಮದ ಕುರುಚಲು ಕಾಡು. ರಾತ್ರಿಯೆಲ್ಲ "ಸೊರ್ರ್... ಸೊರ್ರ್..." ಅಂತ ಸದ್ದು, ಯಾರಿಗೂ ನಿದ್ದೆಯಿಲ್ಲ. ಆನೆ, ಸಿಂಹ, ಮುಳ್ಳುಹಂದಿ, ನವಿಲು ಹುಡುಕಿಕೊಂಡು ಹೊರಡುತ್ತವೆ. ಕೊನೆಗೆ ನೋಡಿದರೆ ಕರಡಿ ಹುತ್ತಕ್ಕೆ ಬಾಯಿಟ್ಟು ಗೆದ್ದಲು ಹೀರುತ್ತಿದೆ. ಒಟ್ಟು 1,100 ಪದ, 16 ಪುಟ, ರಕ್ಷಾಪುಟ ಬೇರೆ. ಮಕ್ಕಳು ಯಾಕೆ ನಗುತ್ತಿಲ್ಲ? ಪ್ರೆಸ್‌ಗೆ ಕೊಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಪುಟಮಗುಚು:
ಪದ ಜಾಸ್ತಿ. 1ನೇ ಪುಟ ಶೀರ್ಷಿಕೆಗೆ, 16ನೇದು ಪ್ರಕಾಶನದ ವಿವರಕ್ಕೆ ಹೋದರೆ ಉಳಿಯುವುದು ಏಳು ಜೋಡಿಪುಟ. ಒಂದೊಂದಕ್ಕೆ 150 ಪದ ದಾಟುತ್ತದೆ. ಅಷ್ಟು ಓದಿ ಮುಗಿಸುವ ಹೊತ್ತಿಗೆ ಮಗು ಚಿತ್ರ ನೋಡಿ ಮುಗಿಸಿ ಪುಟ ಎಳೆಯುತ್ತಿರುತ್ತದೆ. 300–350ಕ್ಕೆ ಇಳಿಸಿ. "ಬೆಳದಿಂಗಳು ಹಾಲಿನಂತೆ ಚೆಲ್ಲಿತ್ತು" ತರಹದ್ದೆಲ್ಲ ಮೊದಲು ಹೋಗಲಿ, ಅದು ಚಿತ್ರಕಾರರ ಕೆಲಸ.

ಎರಡನೇದು, ಕರಡಿ ಎಲ್ಲಿ ಕಾಣುತ್ತದೆ ಅನ್ನುವುದು. "ಬಗ್ಗಿ ನೋಡಿದರೆ..." ಮತ್ತು ಕರಡಿ ಎದುರುಬದುರು ಪುಟದಲ್ಲಿದ್ದರೆ ಕಥೆ ಅಲ್ಲೇ ಮುಗಿಯಿತು, ಮಗು ಮೊದಲು ನೋಡುವುದೇ ಕರಡಿಯನ್ನು. ಆ ಸಾಲು ಬಲಬದಿಯ 11ನೇ ಪುಟದ ತಳದಲ್ಲಿರಲಿ. ಪುಟ ಮಗುಚಿದ ಮೇಲೆ 12–13ರ ತುಂಬ ಕರಡಿ, ಒಂದೇ ಪದ: ಸೊರ್ರ್!

ಆದರೆ ಸುಳಿವು 4ನೇ ಪುಟದಿಂದಲೇ ಚಿತ್ರದಲ್ಲಿ ಇರಬೇಕು. ಪೊದೆಯಾಚೆ ಒಂದು ಉಗುರು, ಮುಂದಿನದರಲ್ಲಿ ಕೂದಲು ಕೆದರಿದ ಬೆನ್ನು. ಕಥೆಯೊಳಗಿನವರಿಗೆ ಗೊತ್ತಾಗದ್ದು ತನಗೆ ಗೊತ್ತಾಯಿತು ಎಂದಾಗಲೇ ಈ ವಯಸ್ಸಿನವರು ಕಿರುಚಿ ನಗುವುದು. ಹುಡುಕಾಟ ಮೂರು ಸಲ ಸಾಕು. ಕೊನೆಗೆ ನೀತಿಮಾತೇನಾದರೂ ಇದ್ದರೆ ದಯವಿಟ್ಟು ತೆಗೆಯಿರಿ.

ಕುರುಚಲು:
ದರೋಜಿಯಲ್ಲಿ ಆನೆ ಇಲ್ಲ. ಸಿಂಹ ಗುಜರಾತಿನ ಗಿರ್ ಕಡೆ ಬಿಟ್ಟರೆ ಭಾರತದ ಬೇರೆ ಕಾಡಲ್ಲಿಲ್ಲ. ಮುಳ್ಳುಹಂದಿ ನಿಶಾಚರಿ, "ನಿದ್ದೆಯಿಲ್ಲ" ಅಂತ ದೂರುವ ಹಕ್ಕೇ ಅದಕ್ಕಿಲ್ಲ! ರಾತ್ರಿ ಮಲಗುವವು ಬೇಕಿದ್ದರೆ ನವಿಲು (ಮರದ ಮೇಲೆ ಕೂತು), ನಕ್ಷತ್ರ ಆಮೆ, ಉಡ. ಮೂರೂ ಅಲ್ಲಿವೆ, ಮೂವರ ನಡಿಗೆಯೂ ಬೇರೆ ಬೇರೆ, ಚಿತ್ರಕ್ಕೆ ಹಬ್ಬ. 14–15ಕ್ಕೆ ಚಿಪ್ಪುಹಂದಿ ತನ್ನಿ. ಅದರ ಊಟವೂ ಇರುವೆ, ಗೆದ್ದಲೇ, ಸದ್ದಿನ ಬಗ್ಗೆ ಅದಕ್ಕೆ ತಕರಾರಿಲ್ಲ: "ನನಗೂ ಒಂಚೂರು ಉಳಿಸಕ್ಕಾ!"

ಚಿತ್ರಕಾರರು ಇಂಟರ್‌ನೆಟ್ಟಿನಿಂದ ಅಮೆರಿಕದ ಕರಡಿಯನ್ನು ಇಳಿಸಿಬಿಡುತ್ತಾರೆ, ಹುಷಾರು. ನಮ್ಮದಕ್ಕೆ ಜೋಲು ಕೂದಲು, ಎದೆ ಮೇಲೆ ಮಾಸಲು ಬಿಳಿ ಪಟ್ಟೆ, ಉದ್ದ ಮೂತಿ, ಸಡಿಲ ತುಟಿ, ಬಿಳಿಚು ಉಗುರು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಹೀರುವುದು. ಹೀರುವಾಗ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಹಲ್ಲಿನ ಸಂದಿ ಕಾಣುವ ಹಾಗೆ ಬರೆಸಿದರೆ ಹಾಲುಹಲ್ಲು ಬಿದ್ದ ಮಕ್ಕಳು ತಾವೇ ಎನ್ನುತ್ತಾರೆ. ತಾಯಿ ಕರಡಿಯಾದರೆ ಬೆನ್ನ ಮೇಲೆ ಎರಡು ಮರಿ ಕೂರಿಸಿ, ಅವು ಹಾಗೇ ಸವಾರಿ ಮಾಡುವುದು.

ಅಚ್ಚುಮೊಳೆ:
ಕಪ್ಪು ಕರಡಿ, ಕಪ್ಪು ರಾತ್ರಿ, ಕಪ್ಪು ಅಕ್ಷರ. ಇದೇ ದೊಡ್ಡ ತಲೆನೋವು. ಆಕಾಶ ತಿಳಿ ನೀಲಿ ಬೆಳದಿಂಗಳಾಗಿರಲಿ. ಒಂದೇ ಜಾಗದಲ್ಲಿ ನಾಲ್ಕೂ ಬಣ್ಣದ ಶಾಯಿಯ ಶೇಕಡಾವಾರು ಕೂಡಿ 300% ದಾಟಿದರೆ ಒಣಗದೆ ಎದುರು ಹಾಳೆಗೆ ಮೆತ್ತುತ್ತದೆ. ಸ್ಕ್ರೀನ್ ಮೇಲೆ ಹೊಳೆಯುವ ಆರ್‌ಜಿಬಿ ನೀಲಿ ಅಚ್ಚಿನಲ್ಲಿ ಮಂಕಾಗುತ್ತದೆ, ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಯ) ಪ್ರೂಫ್ ನೋಡದೆ ಒಪ್ಪಬೇಡಿ. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಡ, ಬಣ್ಣ ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರ ತುಂಬಿಹೋಗುತ್ತವೆ. ಪಠ್ಯ ಬರೀ ಕಪ್ಪು ಪ್ಲೇಟಿನಲ್ಲಿರಲಿ, ಮುಂದೆ ತೆಲುಗಿಗೋ ತುಳುವಿಗೋ ಹೋದರೆ ಅದೊಂದನ್ನೇ ಬದಲಿಸಬಹುದು.

ಅಕ್ಷರ 20 ಪಾಯಿಂಟ್, ಸಾಲಿನ ಅಂತರ 30ಕ್ಕೆ ಕಡಿಮೆ ಬೇಡ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಇನ್‌ಡಿಸೈನ್‌ನಲ್ಲಿ ಪುಟ ಜೋಡಿಸುವಾಗ ಯುನಿಕೋಡ್ ಒತ್ತು ಒಡೆದರೆ ಅದರ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿ.

ಸೆಂಟರ್ ಪಿನ್ ಹೊಡೆಯುವ 16 ಪುಟದಲ್ಲಿ 8–9 ಮಾತ್ರ ಒಂದೇ ಹಾಳೆ. 12–13 ಎರಡು ತುಂಡು ಕೂಡಿದ್ದು, ಒಂದು ಮಿಲಿಮೀಟರ್ ಏರುಪೇರು ಸಹಜ. ಕರಡಿಯ ಮುಖ ಪೂರ್ತಿ 13ರಲ್ಲಿರಲಿ, ಮಡಿಕೆಗೆ ಮೈ ಬರಲಿ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಅಂಚಿಗೂ ಚಿತ್ರ) ಬಿಡಿ. ಒಳಪುಟಕ್ಕೆ 130 ಜಿಎಸ್‌ಎಂ ಮ್ಯಾಟ್ ಆರ್ಟ್ (ಹೊಳಪಿಲ್ಲದ) ಕಾಗದ ಸಾಕು.

ಹುತ್ತದಮನೆ:
ಆನೆ, ಸಿಂಹ ಎರಡಕ್ಕೂ ವಿದಾಯ. ಇಡೀ ಕಥೆ ಪ್ರಾಸದಲ್ಲಿ ಬರೆದರೆ ಹೇಗೆ?

ಪುಟಮಗುಚು:
ಬೇಡ. ನಮ್ಮ ವಾಕ್ಯ ಕ್ರಿಯಾಪದಕ್ಕೆ ಮುಗಿಯುವುದರಿಂದ ಬಂತು–ನಿಂತು–ಕೂಂತು ಅಂತಲೇ ಸಾಗಿ, ನಗೆಯ ಪದ ನಡುವೆ ಸಿಕ್ಕಿಕೊಳ್ಳುತ್ತದೆ. "ಪೊದೆಯಲ್ಲಿ ಕರಡಿಯ ಅಂಡು ಕಂಡಿತು" ಎನ್ನುವ ಬದಲು "ಪೊದೆಯಲ್ಲಿ ಕಂಡದ್ದು, ಅಂಡು!" ಅನ್ನಿ. ಪ್ರಾಸ ಬೇಕೇಬೇಕು ಅಂದರೆ ಮೂರು ಹುಡುಕಾಟದಲ್ಲೂ ಮರುಕಳಿಸುವ ಒಂದು ಸಾಲಿಗೆ ಇಟ್ಟುಕೊಳ್ಳಿ, ಎರಡನೇ ಸಲಕ್ಕೇ ಮಕ್ಕಳು ಜೊತೆಗೂಡುತ್ತಾರೆ.