ಹಸಿ ಸೌದೆ ಅಗ್ಗಕ್ಕೆ ಕೊಡೋರ ಮಧ್ಯೆ ಒಣ ಸೌದೆ ಮಾರೋದು ಹೇಗೆ?

ಡಿಪೋಹುಡುಗ:
ಎಲ್ಲರಿಗೂ ನಮಸ್ಕಾರ. ನಂದೊಂದು ಸಣ್ಣ ಸೌದೆ ಡಿಪೋ ಇದೆ, ಅಪ್ಪ ಶುರು ಮಾಡಿದ್ದು, 2 ವರ್ಷದಿಂದ ನಾನು ನೋಡ್ಕೋತಿದೀನಿ. ಒಂದು ಗಾಡಿ, ಒಂದು ಸೀಳೋ ಮಷಿನ್, ಇಬ್ಬರು ಕೆಲಸದವರು, ಅಷ್ಟೇ. ಅಪ್ಪನ ಕಾಲದಲ್ಲಿ ಈ ಕಡೆಗೆಲ್ಲ ಇಬ್ಬರೇ ಸೌದೆ ಮಾರ್ತಿದ್ರು, ಈಗ ಒಂದೇ ರಸ್ತೇಲಿ 7 ಜನ ಇದೀವಿ, ಅದ್ರಲ್ಲಿ ಇಬ್ಬರು ಹೊಸಬರು, ಇವತ್ತು ಮರ ಕಡಿದು ನಾಳೆ ಸೀಳಿ ನಾಡಿದ್ದು ಗಿರಾಕಿ ಬಾಗಿಲ ಮುಂದೆ ಸುರೀತಾರೆ, ಕೆಜಿ ರೇಟು ನಮ್ಮದಕ್ಕಿಂತ ತುಂಬಾ ಕಮ್ಮಿ. ನಾವು 6-7 ತಿಂಗಳು ಒಣಗಿಸದೆ ಮಾಲು ಹೊರಗೆ ಕಳಿಸಲ್ಲ, ಅಪ್ಪ ಮೊದಲಿಂದ ಹಾಗೇ ನಡೆಸ್ಕೊಂಡು ಬಂದಿದ್ದು.

ಹೋದ ತಿಂಗಳು ಒಂದು ಬೇಕರಿಯವರು, 11 ವರ್ಷದಿಂದ ನಮ್ಮಲ್ಲೇ ತಗೊಳ್ತಿದ್ದೋರು, ಫೋನ್ ಮಾಡಿ "ಬೇಜಾರ್ ಮಾಡ್ಕೋಬೇಡಪ್ಪಾ, ಸೌದೆ ಅಂದ್ರೆ ಸೌದೆ, ಅವರು ಅಷ್ಟು ಕಮ್ಮಿಗೆ ಕೊಡುವಾಗ ನಾನ್ಯಾಕೆ ಜಾಸ್ತಿ ಕೊಡ್ಲಿ" ಅಂದ್ರು. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಒಣಗಿದ್ದು ಒಳ್ಳೇದು ಅಂತ ಗೊತ್ತು, ಎಷ್ಟು ಒಳ್ಳೇದು ಅಂತ ಲೆಕ್ಕ ಹಾಕಿ ಹೇಳೋಕೆ ಬರ್ಲಿಲ್ಲ. ಇನ್ನೊಂದು ಕಷ್ಟ ಏನಂದ್ರೆ ನಾನು ಹಸಿ ಮಾಲು ತೂಕಕ್ಕೆ ತಗೊಂಡು ಒಣ ಮಾಲು ತೂಕಕ್ಕೇ ಮಾರ್ತೀನಿ, ಅಷ್ಟರಲ್ಲಿ ತೂಕ ಕರಗಿ ಹೋಗಿರುತ್ತೆ. ನಾನೂ ಹಸಿ ಮಾರೋಕೆ ಶುರು ಮಾಡ್ಬೇಕಾ, ಇಲ್ಲ ರೇಟ್ ಇಳಿಸ್ಬೇಕಾ? ಗೊತ್ತಿರೋರು ಹೇಳಿ.

ಗರಗಸ_ಮಾಮ:
ತಮ್ಮಾ, ಎರಡೂ ಮಾಡ್ಬೇಡ. 20 ವರ್ಷದ ಮೇಲಾಯ್ತು ನಾನು ಈ ಕೆಲಸದಲ್ಲಿ, ಆ ಬೇಕರಿಯವರಿಗೆ ಹೇಳೋ ಲೆಕ್ಕ ಬರೀತೀನಿ, ಒಂದು ಚೀಟೀಲಿ ಇಳಿಸ್ಕೊಂಡು ಹೋಗು.

100 ಕೆಜಿ ಹಸಿ ಸೌದೆ ತಗೋ. ಆಗತಾನೆ ಕಡಿದ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ, ಮರದ ಜಾತಿ ನೋಡ್ಕೊಂಡು ಆಚೆ ಈಚೆ ಆಗುತ್ತೆ. ಅಂದ್ರೆ 50 ಕೆಜಿ ಮರ, 50 ಕೆಜಿ ನೀರು. ಅದನ್ನೇ ಒಣಗಿಸಿ ನೀರು 20 ಪರ್ಸೆಂಟಿಗೆ ಇಳಿಸಿದ್ರೆ ಮರ 50 ಕೆಜಿ ಹಾಗೇ ಇರುತ್ತೆ, ನೀರು 12.5 ಕೆಜಿ ಉಳಿಯುತ್ತೆ, ಒಟ್ಟು 62.5 ಕೆಜಿ. ಉಳಿದ 37.5 ಕೆಜಿ ಗಾಳಿಗೆ ಹೋಯ್ತು, ನೀನು ಹೇಳಿದ ಕರಗೋ ತೂಕ ಇದೇನೆ. ಅವನು ಹಸೀದನ್ನ ಕೆಜಿಗೆ 10ರ ಲೆಕ್ಕದಲ್ಲಿ ಮಾರಿದ್ರೆ ನೀನು ಒಣದ್ದನ್ನ 16ಕ್ಕೆ ಮಾರಿದಾಗ ಇಬ್ಬರಿಗೂ ಅದೇ ಮರಕ್ಕೆ ಅದೇ ದುಡ್ಡು ಬಂದ ಹಾಗೆ, ನೀನು ಜಾಗ ಕೊಟ್ಟು ತಿಂಗಳುಗಟ್ಟಲೆ ಕಾದಿದ್ದಕ್ಕೆ ಇನ್ನೂ ಏನೂ ಸೇರಿಸಿಲ್ಲ ನೋಡು.

ಈಗ ಶಾಖದ ಲೆಕ್ಕ. ಅರ್ಧ ನೀರಿರೋ ಸೌದೆ 1 ಕೆಜಿ ಉರಿದ್ರೆ ಸುಮಾರು 8 ಮೆಗಾಜೂಲ್ ಶಾಖ ಸಿಗುತ್ತೆ, 20 ಪರ್ಸೆಂಟಿಗೆ ಒಣಗಿದ್ದರಲ್ಲಿ ಸುಮಾರು 14. ಹಸಿ 100 ಕೆಜಿಗೆ 800 ಆಯ್ತು. ಅದೇ ರಾಶಿ ಒಣಗಿ 62.5 ಕೆಜಿ ಆದ್ಮೇಲೆ 875. ತೂಕ ಕಮ್ಮಿ ಆಗಿ ಶಾಖ ಜಾಸ್ತಿ, ಯಾಕಂದ್ರೆ ಹಸೀದ್ರಲ್ಲಿ ಬೆಂಕಿ ಮೊದಲು ಆ ನೀರನ್ನೆಲ್ಲ ಕುದಿಸಿ ಆವಿ ಮಾಡಿ ಚಿಮಣೀಲಿ ಕಳಿಸ್ಬೇಕು, ಆಮೇಲೆ ಒಲೆಗೆ ಶಾಖ. ಕೆಜಿಗೆ ಕೆಜಿ ನೋಡಿದ್ರೆ ನಿನ್ನ ಮಾಲಲ್ಲಿ ಒಂದೂ ಮುಕ್ಕಾಲು ಪಟ್ಟು ಶಾಖ ಇದೆ, ನೀನು ಕೇಳ್ಬೇಕಾದ್ದು 1.6 ಪಟ್ಟು ರೇಟು, ಅಲ್ಲಿಗೂ ಗಿರಾಕಿಗೆ ಲಾಭವೇ. ಮಸಿ, ಹೊಗೆ ಇದರ ಲೆಕ್ಕ ಬೇರೆ.

ಖರೀದೀಲಿ ಆಗೋ ನಷ್ಟಕ್ಕೆ ಒಂದೇ ದಾರಿ, ಹಸಿ ಮಾಲನ್ನ ತೂಕಕ್ಕೆ ತಗೋಬೇಡ, ಅಳತೆಗೆ ತಗೋ. ಒತ್ತಾಗಿ ಒಟ್ಟಿದ ಉದ್ದ ಅಗಲ ಎತ್ತರ ಒಂದೊಂದು ಮೀಟರ್ ಇದ್ರೆ ಒಂದು ಘನ ಮೀಟರ್. ಒಣಗಿದ್ರೆ ತೂಕ ಇಳಿದಷ್ಟು ಗಾತ್ರ ಇಳಿಯಲ್ಲ. ಆದ್ರೆ ಒಟ್ಟಿದ್ದಾ ಸುರಿದಿದ್ದಾ ಅಂತ ಮೊದಲೇ ಬಾಯಿಬಿಟ್ಟು ಮಾತಾಡ್ಕೋ, ಒಟ್ಟಿದ ಒಂದು ಘನ ಮೀಟರ್ ಸೌದೇನ ಹಾಗೇ ಸುರಿದ್ರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಜಾಗ ತಗೊಳ್ಳುತ್ತೆ, ಜಗಳ ಬರೋದು ಅಲ್ಲೇ.

ಬೇಕರಿ_ಅಕ್ಕ:
ಮಾಮ ಹೇಳಿದ ಲೆಕ್ಕ ಚೆನ್ನಾಗಿದೆ, ನಾನು ಸೌದೆ ತಗೊಳ್ಳೋ ಕಡೆಯೋಳು, ಅದಕ್ಕೆ ನಾನೂ ಬರೀತಿದೀನಿ. ನಮ್ಮದು ಸೌದೆ ಒಲೆಯ ಬೇಕರಿ. ನಾನೂ ಒಂದ್ಸಲ ರೇಟ್ ನೋಡಿ ಹಸಿ ಸೌದೆಗೆ ಹೋಗಿದ್ದೆ. ಒಲೆಗೆ ಹಾಕಿದ್ರೆ ಸೀಳಿನ ತುದೀಲಿ ನೊರೆ ನೊರೆಯಾಗಿ ನೀರು ಜಿನುಗುತ್ತೆ, ಸುಯ್ ಅಂತ ಸದ್ದು, ಉರಿ ಹತ್ತಲ್ಲ, ಹತ್ತಿದ್ರೂ ಹಳದಿ ಹೊಗೆ. ಬೆಳಗಿನ ಜಾವ ಒಲೆ ಕಾಯೋಕೇ ಮುಕ್ಕಾಲು ಗಂಟೆ ಜಾಸ್ತಿ ಬೇಕಾಗ್ತಿತ್ತು, ಕೆಲಸದವರು ಕಣ್ಣು ಒರೆಸ್ಕೊಂಡು ನಿಂತಿರೋರು, ಎರಡೇ ತಿಂಗಳಲ್ಲಿ ಚಿಮಣಿ ಒಳಗೆ ಡಾಂಬರಿನ ಥರ ಕಪ್ಪಗೆ ಅಂಟು ಕಟ್ಕೊಳ್ತು, ಅದಕ್ಕೆ ಬೆಂಕಿ ಹತ್ತಿದ್ರೆ ಕಟ್ಟಡಕ್ಕೇ ಅಪಾಯ. ವಾಪಸ್ ಒಣ ಸೌದೆಗೆ ಬಂದೆ.

ಹಾಗಂತ ನಿಮ್ಮ ಬೇಕರಿಯವರ ಹತ್ರ ಜಗಳಕ್ಕೆ ಹೋಗ್ಬೇಡಿ, ಅವರ ತಪ್ಪೇನಿಲ್ಲ, ಯಾರೂ ಅವರಿಗೆ ಲೆಕ್ಕ ತೋರಿಸಿಲ್ಲ. ಒಂದು ದಿನ ಒಲೆ ಹಚ್ಚೋ ಹೊತ್ತಿಗೆ ಒಂದು ದಿನಕ್ಕಾಗೋಷ್ಟು ನಿಮ್ಮ ಸೌದೆ ತೂಗಿ ಕೊಟ್ಟು ಬನ್ನಿ, ಮಾರನೇ ದಿನ ಅವರ ಹತ್ರ ಇರೋದನ್ನ ತೂಗಿ ಹಾಕೋಕೆ ಹೇಳಿ. ಎಷ್ಟು ಕೆಜಿ ಹೋಯ್ತು ಅಂತ ಅವರೇ ಬರ್ಕೊಳ್ಳಲಿ. ಇನ್ನೊಂದು ಮಾತು, ನನಗೆ ರೇಟಿಗಿಂತ ಮುಖ್ಯ ಅಳತೆ. ಒಲೆ ಬಾಯಿಗೆ ಹಿಡಿಯೋ ಉದ್ದಕ್ಕೆ ಎಲ್ಲಾ ಸೀಳೂ ಒಂದೇ ಸಮ ಇದ್ರೆ ನಮ್ಮ ಹುಡುಗರು ಮತ್ತೆ ಕೊಡಲಿ ಹಿಡಿಯೋ ಕೆಲಸ ಇರಲ್ಲ. ಹೇಳಿದ ದಿನ ಬರೋದು, ಜೊತೆಗೆ ಒಂದು ಚೀಲ ಸಣ್ಣ ಪುರಳೆ ಹಾಕೋದು, ಇಷ್ಟು ಮಾಡೋರನ್ನ ನಾನು ಬಿಡಲ್ಲ.

ಮೀಟರ್_ಮಿತ್ರ:
ಒಂದು ತೇವಾಂಶ ಮೀಟರ್ ಇಟ್ಕೊಳ್ಳಿ, ಎರಡು ಮುಳ್ಳು ಚುಚ್ಚೋದು, ಗಿರಾಕಿ ಎದುರಿಗೇ ತೋರಿಸ್ಬಹುದು. ಆದ್ರೆ ಸರಿಯಾಗಿ ತೋರಿಸಿ, ಯಾಕಂದ್ರೆ ತುಂಬಾ ಜನ ಇಲ್ಲೇ ಎಡವೋದು. ಹೊರ ಮೈಗೆ ಚುಚ್ಚಿದ್ರೆ ಒಳಗೆ ಹಸಿ ಇರೋ ಸೌದೆನೂ ಒಣಗಿದ ಹಾಗೆ ತೋರಿಸಬಹುದು, ಸೀಳನ್ನ ಅಲ್ಲೇ ಇನ್ನೊಂದ್ಸಲ ಸೀಳಿ ಒಳಗಿನ ಹೊಸ ಮೈಯಲ್ಲಿ ಮಧ್ಯಕ್ಕೆ ಚುಚ್ಚಬೇಕು. ಎರಡನೇದು, ಈ ಮುಳ್ಳಿನ ಮೀಟರುಗಳಲ್ಲಿ ಹೆಚ್ಚಿನವು ನೀರನ್ನ ಬರೀ ಒಣ ಮರದ ತೂಕಕ್ಕೆ ಹೋಲಿಸಿ ತೋರಿಸ್ತವೆ, ಮಾಮ ಲೆಕ್ಕ ಹಾಕಿರೋದು ಒಟ್ಟು ತೂಕದ ಮೇಲೆ. ಹಾಗಾಗಿ ಮೀಟರಲ್ಲಿ 25 ಬಂದ್ರೆ ಅದು ಮಾಮನ 20. ಮೀಟರ್ 30 ದಾಟಿದ್ಮೇಲೆ ತೋರಿಸೋ ನಂಬರ್ ನಂಬ್ಕೋಬೇಡಿ, ಹಸಿ ಅಂತ ತಿಳ್ಕೊಂಡ್ರೆ ಸಾಕು.

ಅನುಮಾನ ಬಂದ್ರೆ ಒಂದು ಸಣ್ಣ ತುಂಡು ತೂಗಿ, ಓವನ್ನಲ್ಲಿ 103 ಡಿಗ್ರೀಲಿಟ್ಟು ತೂಕ ಇಳಿಯೋದು ನಿಲ್ಲೋವರೆಗೆ ಬಿಡಿ, ಮತ್ತೆ ತೂಗಿ. ಎರಡು ತೂಕದ ವ್ಯತ್ಯಾಸವೇ ನೀರು.

ಒಟ್ಟಿಲು_ಅಣ್ಣ:
ಎಲ್ಲಾ ಸರಿ, ಆದ್ರೆ ಎಲ್ಲಾ ಮಾಲನ್ನೂ ಒಣಗಿಸಿ ಇಡೋಕೆ ಬಂಡವಾಳ ಬೇಕಲ್ಲ, ಅದನ್ನ ಯಾರೂ ಹೇಳ್ಲಿಲ್ಲ. ನಾನು ಒಂದು ವರ್ಷ ಆಸೆಗೆ ಬಿದ್ದು ಇರೋ ದುಡ್ಡನ್ನೆಲ್ಲ ರಾಶಿಗೆ ಹಾಕ್ಬಿಟ್ಟೆ, ಒಂದೇ ದೊಡ್ಡ ಗುಡ್ಡೆ, ನೆಲದ ಮೇಲೇನೇ, ಮೇಲಿಂದ ಕೆಳಗಿನವರೆಗೂ ಟಾರ್ಪಾಲ್ ಸುತ್ತಿದ್ದೆ. ಮಳೆ ನೀರು ಒಳಗೆ ಹೋಗ್ಲಿಲ್ಲ ನಿಜ, ಒಳಗಿನ ಆವಿ ಹೊರಗೂ ಬರ್ಲಿಲ್ಲ. ಬಿಚ್ಚಿ ನೋಡಿದ್ರೆ ಕೆಳಗಿನ ಎರಡು ಸಾಲಿಗೆ ಗೆದ್ದಲು, ಮಧ್ಯದ್ದೆಲ್ಲ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ಕೈ ಇಟ್ರೆ ಬೆಚ್ಚಗಿತ್ತು ಒಳಗೆ. ಆ ವರ್ಷ ಸಾಲ ಮಾಡ್ಕೊಂಡೇ ಕಳೆದೆ.

ಈಗ ಮಾಡೋದು ಹೀಗೆ. ಬಂದ ದಿನವೇ ದಿಮ್ಮೀನ ಬೇಕಾದ ಉದ್ದಕ್ಕೆ ಕುಯ್ದು ಸೀಳಿಸ್ತೀನಿ, ದಿಮ್ಮಿಯಾಗೇ ಬಿಟ್ರೆ ವರ್ಷ ಆದ್ರೂ ಒಳಗೆ ಹಸಿ, ನೀರು ಹೋಗೋದು ಹೆಚ್ಚಾಗಿ ಕುಯ್ದ ತುದಿಗಳಿಂದ, ನಾರಿನ ಉದ್ದಕ್ಕೆ ಹೋದಷ್ಟು ಬೇಗ ಅಡ್ಡಕ್ಕೆ ಹೋಗಲ್ಲ, ಮೇಲೆ ತೊಗಟೆ ಬೇರೆ ಮುಚ್ಕೊಂಡಿರುತ್ತೆ. ಕೆಳಗೆ ಕಲ್ಲಿಟ್ಟು ಅದರ ಮೇಲೆ ಅಡ್ಡ ಕಂಬ, ಒಂದೇ ಸೀಳಿನಷ್ಟು ಅಗಲದ ಸಾಲುಗಳು, ಸಾಲಿಂದ ಸಾಲಿಗೆ ಒಬ್ಬ ಮನುಷ್ಯ ನಡೆಯೋಷ್ಟು ಜಾಗ, ತಗಡು ತಲೆ ಮೇಲೆ ಮಾತ್ರ, ಪಕ್ಕಗಳು ಪೂರ್ತಿ ಗಾಳಿಗೆ ಬಿಟ್ಟಿರ್ತೀನಿ. ಪ್ರತಿ ಸಾಲಿನ ಮೊದಲ ಸೀಳಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೀತೀವಿ, ಹಳೇ ತಾರೀಕಿಂದು ಮುಗೀದೆ ಹೊಸ ಸಾಲಿಗೆ ಯಾರೂ ಕೈ ಹಾಕಂಗಿಲ್ಲ.

ದುಡ್ಡಿನ ವಿಷಯಕ್ಕೆ, ಅರ್ಧ ಮಾಲು ಖಾಯಂ ಗಿರಾಕಿಗಳಿಗೆ ಅಂತ ಒಣಗಿಸಿ, ಉಳಿದಿದ್ದನ್ನ ಅರೆ ಒಣ ಅಂತ ಹೆಸರು ಹೇಳಿ, ಮನೇಲಿ ಜಾಗ ಇದ್ದು ತಾವೇ ಒಣಗಿಸ್ಕೊಳ್ಳೋರಿಗೆ ಕಮ್ಮಿ ರೇಟಿಗೆ ಕೊಟ್ಬಿಡಿ. ಬಾಯಿಬಿಟ್ಟು ಹಸಿ ಅಂತ ಹೇಳಿ ಮಾರಿದ್ರೆ ಅದ್ರಲ್ಲಿ ಮೋಸ ಇಲ್ಲ, ನಿಮಗೂ ಕೈಗೆ ಕಾಸು ಬರುತ್ತೆ. ಉದ್ರಿ ಮಾತ್ರ ಒಂದು ಲೋಡಿಗಿಂತ ಜಾಸ್ತಿ ಬಿಡ್ಬೇಡಿ, ಹಿಂದಿನ ಲೋಡ್ ದುಡ್ಡು ಬಂದ್ಮೇಲೆ ಮುಂದಿನ ಲೋಡ್.

ಡಿಪೋಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ನಿಸ್ತು. ಅಕ್ಕ ಹೇಳಿದ ಹಾಗೆ ತಕ್ಕಡಿ ತಗೊಂಡು ಬೆಳಗಿನ ಜಾವ 4ಕ್ಕೆ ಬೇಕರಿಗೆ ಹೋದೆ. ಮೊದಲ ದಿನ ನಮ್ಮ ಸೌದೆ 85 ಕೆಜಿ ಹೋಯ್ತು, ಮಾರನೇ ದಿನ ಅವರದ್ದು 140 ದಾಟ್ತು. ಬರ್ಕೊಂಡಿದ್ದ ಚೀಟಿ ನೋಡಿ ಅವರು ಸುಮ್ಮನೆ ಕೂತ್ಬಿಟ್ರು. ಇರೋ ಹಸಿ ಮಾಲು ಖಾಲಿ ಆಗ್ಲಿ, ಆಮೇಲೆ ನಿಂದೇ ತರ್ಸ್ತೀನಿ, ಆದ್ರೆ ಪ್ರತಿ ಲೋಡಿಗೂ ಮೀಟರ್ ಹಾಕಿ ತೋರಿಸ್ಬೇಕು ಅಂದಿದಾರೆ. ಮಾಮನ ಲೆಕ್ಕ ಅಪ್ಪಂಗೆ ಓದಿ ಹೇಳ್ದೆ, ಎರಡ್ ಸಲ ಓದಿಸ್ಕೊಂಡ್ರು.

ಒಂದೇ ಒಂದು ಡೌಟು, ಮೀಟರ್ ಒಂದೊಂದು ಸೀಳಿಗೆ ಒಂದೊಂಥರ ತೋರಿಸ್ತಿದೆ, 19 ಬರುತ್ತೆ, ಪಕ್ಕದ್ದೇ 27. ಗಿರಾಕಿಗೆ ಯಾವ್ದು ಹೇಳೋದು?

ಮೀಟರ್_ಮಿತ್ರ:
ಸಾಲಿನ ಮೇಲಿಂದ, ಮಧ್ಯದಿಂದ, ಕೆಳಗಿಂದ ಸೇರಿಸಿ 10 ಸೀಳು ತೆಗೀರಿ, ದಪ್ಪ ಸೀಳು ಬಿಡ್ದೆ ಹಾಕ್ಕೊಳ್ಳಿ, ಹತ್ತನ್ನೂ ಬರೆದು ಸರಾಸರಿ ಜೊತೆಗೆ ಎಲ್ಲಕ್ಕಿಂತ ಜಾಸ್ತಿ ಬಂದಿದ್ದನ್ನೂ ಬಿಲ್ಲಿನ ಹಿಂದೆ ಬರ್ಕೊಡಿ. 27 ಬಂದ ಸೀಳು ದಪ್ಪ ಇದ್ರೆ ಇನ್ನೊಂದ್ಸಲ ಸೀಳಿ ವಾಪಸ್ ಸಾಲಿಗೆ ಹಾಕಿ.