ಮಂಜಿನಲ್ಲಿ ಗಾಡಿ ನಿಲ್ಲಿಸೋದು ಯಾವಾಗ? ಫರೀದಾಬಾದ್ ಲೋಡ್ ಬಂದಿದೆ

ನೆಲಮಂಗಲ ಗಾಡಿ

ಪೀಣ್ಯದಿಂದ ಫರೀದಾಬಾದಿಗೆ ಮೆಷಿನ್ ಲೋಡ್ ಬಂದಿದೆ, ಶುಕ್ರವಾರ ರಾತ್ರಿ ಹೊರಡಬೇಕು. ಸ್ವಂತ ಗಾಡಿ, ಹನ್ನೆರಡು ಚಕ್ರ, ಇನ್ನೂ 19 ಕಂತು ಬಾಕಿ. ದಾರಿ ಹೊಸದಲ್ಲ. ಹೆಬ್ಬಾಳ ದಾಟಿ 44ನೇ ಹೆದ್ದಾರಿ ಹಿಡಿದರೆ ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ. ತಲೆ ಕೆಡಿಸಿರುವುದು ಗ್ವಾಲಿಯರ್ ಆಚೆಯ ಮಂಜು.

ಹೋದ ಜನವರಿಯಲ್ಲಿ ಮಥುರಾ ಹತ್ತಿರ ಬೆಳಗಿನ ಜಾವ ಮೂರು ಗಂಟೆ. ಗಾಜಿನ ಮುಂದೆ ಯಾರೋ ಬಿಳಿ ಪಂಚೆ ಕಟ್ಟಿದ ಹಾಗಿತ್ತು. ಮುಂದಿನ ಲಾರಿಯ ಎರಡು ಕೆಂಪು ದೀಪ ನೋಡಿಕೊಂಡು ಮುಕ್ಕಾಲು ಗಂಟೆ ಓಡಿಸಿದೆ. ಇದ್ದಕ್ಕಿದ್ದ ಹಾಗೆ ಆ ದೀಪಗಳು ದೊಡ್ಡದಾದವು. ಅವನು ರಸ್ತೆ ಮಧ್ಯದಲ್ಲೇ ನಿಂತುಬಿಟ್ಟಿದ್ದ. ಬಲಕ್ಕೆ ಎಳೆದೆ. ಎಡಗಡೆ ಕನ್ನಡಿ ಅವನ ಲಾರಿಗೆ ತಾಗಿ ಪುಡಿಯಾಯಿತು. ಮಲಗಿದ್ದ ಕ್ಲೀನರ್ ಹುಡುಗ ಎದ್ದು "ಏನಾಯ್ತಣ್ಣ?" ಅಂದ. ನನಗೆ ಬಾಯಿ ಒಣಗಿ ಮಾತೇ ಬರಲಿಲ್ಲ.

ಮುಂದಿನ ಡಾಬಾದಲ್ಲಿ ಹಾಕಿದ ಗಾಡಿ, ಹನ್ನೊಂದೂವರೆಗೆ ತೆಗೆದೆ. ಲೇಟಾಯಿತು ಅಂತ ಲೋಡ್ ಕೊಟ್ಟ ಪಾರ್ಟಿ ಬಾಡಿಗೆಯಲ್ಲಿ 6,000 ಹಿಡಿದುಕೊಂಡ. "ಬೇರೆ ಗಾಡಿಯೆಲ್ಲ ಬಂತಲ್ಲ, ನಿಂದೇ ಯಾಕೆ ಬರಲಿಲ್ಲ" ಅಂದ. ಆ ಮಾತಿಗೆ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ.

ನಿಲ್ಲಿಸಬೇಕು ಅಂತ ನೀವು ಯಾವ ಲೆಕ್ಕದಲ್ಲಿ ತೀರ್ಮಾನ ಮಾಡುತ್ತೀರಿ? ನಿಲ್ಲಿಸಿದರೆ ಬಾಡಿಗೆ ಉಳಿಸಿಕೊಳ್ಳುವುದು ಹೇಗೆ?

ಲೈನ್ ಗಾಡಿ ಮಂಜ

(ಹೆಸರು ನೋಡಿ ನಗಬೇಡಿ.) ಇಷ್ಟಕ್ಕೇ ಹೆದರಿದರೆ ಕಂತು ಕಟ್ಟೋದು ಹೇಗೆ ಗುರು? ಹಳದಿ ಫಾಗ್ ಲ್ಯಾಂಪ್ ಹಾಕಿಸಿ. ಸ್ಲೀಪರ್ ಬಸ್ ಸಿಕ್ಕರೆ ಹಿಂದೆ ಬಾಲ ಹಿಡಿಯಿರಿ, ಅವರಿಗೆ ರಸ್ತೆ ಬಾಯಿಪಾಠ. ನಾನು ಆರು ಚಳಿಗಾಲ ಹಾಗೇ ಓಡಿಸಿದ್ದೇನೆ.

ಹಳೇ ಸ್ಟೇರಿಂಗ್

ಮಂಜಣ್ಣ, ಬಾಲ ಹಿಡಿದೇ ಅಲ್ವಾ ಇವರ ಕನ್ನಡಿ ಹೋಗಿದ್ದು? ಬಸ್ಸಿನವನಿಗೆ ರಸ್ತೆ ಬಾಯಿಪಾಠ ಇರಬಹುದು. ರಸ್ತೆಯಲ್ಲಿ ಕೆಟ್ಟು ನಿಂತ ಕಬ್ಬಿನ ಟ್ರ್ಯಾಕ್ಟರ್ ಅವನಿಗೂ ಬಾಯಿಪಾಠ ಇರುವುದಿಲ್ಲ.

ನಾನು ಗಾಡಿ ಬಿಟ್ಟು ಮೂರು ವರ್ಷವಾಯಿತು. ಅದಕ್ಕೂ ಮುಂಚೆ 26 ವರ್ಷ ಡೆಲ್ಲಿ ಲೈನ್. ನನ್ನ ಲೆಕ್ಕ ಇದು. ಡಾಬಾ ಅಂಗಳದಲ್ಲಿ ಕ್ಲೀನರ್ ಕೈಗೆ ಟಾರ್ಚ್ ಕೊಟ್ಟು ನಡೆಸುತ್ತಿದ್ದೆ. ರಸ್ತೆ ಮೇಲಲ್ಲ, ಅಂಗಳದಲ್ಲಿ ಮಾತ್ರ. ಅವನು ಜೋರಾಗಿ ಹೆಜ್ಜೆ ಎಣಿಸಬೇಕು. ಎಪ್ಪತ್ತು ಹೆಜ್ಜೆಯೊಳಗೆ ಟಾರ್ಚ್ ಬೆಳಕು ಮಾಯವಾದರೆ ಕೀಲಿ ಜೇಬಿಗೆ, ನಾನು ಹಾಸಿಗೆಗೆ. ದೊಡ್ಡವರ ಹೆಜ್ಜೆ ಎಪ್ಪತ್ತು ಅಂದರೆ ಹತ್ತಿರ ಹತ್ತಿರ 50 ಮೀಟರ್.

ಯಾಕೆ ಅಷ್ಟು ಅಂದರೆ, ಗಂಟೆಗೆ 40 ಕಿಲೋಮೀಟರಲ್ಲಿ ಹೋಗುವ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದು, ಕಾಲು ಪೆಡಲ್ಲಿಗೆ ಹೋಗಿ, ಏರ್ ಬ್ರೇಕ್ ಹಿಡಿಯುವಷ್ಟರಲ್ಲಿ ಎರಡು ಸೆಕೆಂಡ್. ಅಲ್ಲಿಗೇ 22 ಹೋಯಿತು. ಇಬ್ಬನಿ ಬಿದ್ದ ರಸ್ತೆಯಲ್ಲಿ ಲೋಡ್ ಗಾಡಿ ನಿಲ್ಲಲು ಇನ್ನೂ 15–20. ಮಿಕ್ಕಿದ್ದು ಒಂದು ಲಾರಿ ಉದ್ದದ ಜಾಗ. ಹವಾಮಾನ ಇಲಾಖೆಯವರೂ 50 ಮೀಟರಿಗಿಂತ ಕಡಿಮೆ ಕಂಡರೆ ಅತಿ ದಟ್ಟ ಮಂಜು, 200ರೊಳಗಿದ್ದರೆ ದಟ್ಟ ಮಂಜು ಅನ್ನುತ್ತಾರೆ. ಇದು ನನಗೆ ಆಮೇಲೆ ಮಗಳು ಫೋನಿನಲ್ಲಿ ತೋರಿಸಿದ್ದು.

ಇನ್ನೊಂದು. ನಮ್ಮ ದೇವನಹಳ್ಳಿ ಕಡೆಯ ಮಂಜು ನೋಡಿದವರು ಒಂದು ಟೀ ಕುಡಿಯುವಷ್ಟರಲ್ಲಿ ಬಿಡುತ್ತದೆ ಅಂದುಕೊಳ್ಳುತ್ತಾರೆ. ಅಲ್ಲಿ ಹಾಗಲ್ಲ. ನೀರು ಕಟ್ಟಿದ ಗದ್ದೆ, ಗಾಳಿ ಇಲ್ಲ, ರಾತ್ರಿಯೆಲ್ಲ ನೆಲ ತಣ್ಣಗಾಗುತ್ತಲೇ ಇರುತ್ತದೆ. ಬೆಳಕು ಹರಿದ ಮೇಲೆ ಸ್ವಲ್ಪ ಹೊತ್ತು ಇನ್ನೂ ಜಾಸ್ತಿಯಾಗುವುದೂ ಉಂಟು. ಕೆಲವು ದಿನ ಮಧ್ಯಾಹ್ನವಾದರೂ ಬಿಡುವುದಿಲ್ಲ. ಗ್ವಾಲಿಯರ್ ಆಚೆ ಹಗಲು ಮಾತ್ರ ಓಡಿಸಿ. ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ನಿಲ್ಲಿಸುವುದಾದರೆ ಡಾಬಾ ಇಲ್ಲವೇ ಬಂಕ್ ಒಳಗೆ. ರಸ್ತೆ ಪಕ್ಕದಲ್ಲಿ ಇಂಡಿಕೇಟರ್ ಹಾಕಿ ನಿಂತರೆ ಹಿಂದಿನವನು ಓಡುವ ಗಾಡಿ ಅಂತ ತಿಳಿದು ನಿಮ್ಮ ಬಾಲ ಹಿಡಿಯುತ್ತಾನೆ.

ಬಿಲ್ಟಿ ಬರೆಯೋಳು

ಯಶವಂತಪುರದ ಒಂದು ಬುಕಿಂಗ್ ಆಫೀಸಿನಲ್ಲಿ ಕೆಲಸ ನನಗೆ. ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಅಣ್ಣ, ತಡವಾದರೆ ಇ-ವೇ ಬಿಲ್ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ) ಅವಧಿ ಮುಗಿಯುತ್ತದೆ ಅಂತ ಯಾರಾದರೂ ಹೆದರಿಸಿದರೆ ಕೇಳಬೇಡಿ. ಬಾಡಿಯಿಂದ ಆಚೆ ಚಾಚದ ಮಾಮೂಲಿ ಲೋಡಾದರೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಫರೀದಾಬಾದ್ 2,000ಕ್ಕೂ ಮೇಲಿದೆ, ಹತ್ತು ದಿನಕ್ಕಿಂತ ಜಾಸ್ತಿಯೇ ಸಿಗುತ್ತದೆ. ಹಾಗೂ ಸಾಲದಿದ್ದರೆ, ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆಯೊಳಗೆ ಕಾರಣ ಹಾಕಿ ವಿಸ್ತರಿಸಬಹುದು.

ನಿಮ್ಮ ತಪ್ಪು ಎಲ್ಲಿದೆ ಅಂದರೆ, ಬಾಯಿಮಾತಿಗೆ ಒಪ್ಪಿಕೊಂಡಿದ್ದೀರಿ. ಲೋಡ್ ಹಾಕುವ ಮುಂಚೆಯೇ "ಮಂಜಿನಿಂದ ತಡವಾದರೆ ಕಡಿತ ಇಲ್ಲ" ಅಂತ ಲಾರಿ ರಸೀದಿ, ಅಂದರೆ ಎಲ್‌ಆರ್‌ನಲ್ಲಿ ಬರೆಸಿ, ವಾಟ್ಸಾಪಿನಲ್ಲೂ ಅವರಿಂದ "ಓಕೆ" ಹಾಕಿಸಿಕೊಳ್ಳಿ. ಮಂಜು ಬಂದಾಗ ನಿಲ್ಲಿಸಿದ ಕೂಡಲೇ ಲೊಕೇಶನ್, ಒಂದು ವಿಡಿಯೋ ಕಳಿಸಿ. ಹನ್ನೊಂದು ಗಂಟೆಗೆ ಎದ್ದು ಫೋನ್ ಮಾಡಿದರೆ ನಿದ್ದೆ ಹೊಡೆದ ಅಂತಲೇ ಅಂದುಕೊಳ್ಳುತ್ತಾರೆ. ಪಾರ್ಟಿ ಬರೆಯಲ್ಲ ಅಂದರೆ ಹೇಳಿ, ಬೇರೆ ಲೋಡ್ ನೋಡೋಣ. ನಾಗಪುರದ ಲೋಡಿಗೆ ಬಾಡಿಗೆ ಕಡಿಮೆ, ಆದರೆ ಈ ತಲೆನೋವು ಇಲ್ಲ.

ಲೈನ್ ಗಾಡಿ ಮಂಜ

ಸರಿ, ಬಾಲದ ವಿಷಯ ವಾಪಸ್ ತಗೊಂಡೆ. ಫಾಗ್ ಲ್ಯಾಂಪ್ ಮಾತ್ರ ಹಾಕಿಸಿ.

ನೆಲಮಂಗಲ ಗಾಡಿ

ಇವತ್ತು ಪೀಣ್ಯಕ್ಕೆ ಪಾರ್ಟಿ ಹತ್ತಿರ ಹೋಗಿದ್ದೆ. ಮೊದಲು ಸುಮ್ನೆ ನಕ್ಕರು. "ಎಲ್ಲರೂ ಹೀಗೆ ಕೇಳಿದರೆ ಗಾಡಿ ಓಡಿದ ಹಾಗೇ" ಅಂದರು. ಮುಕ್ಕಾಲು ಗಂಟೆ ಕೂತೆ. ಕೊನೆಗೆ ಒಂದು ದಿನದವರೆಗೆ ಕಡಿತ ಇಲ್ಲ ಅಂತ ಎಲ್‌ಆರ್ ಮೇಲೆ ಕೈಬರಹದಲ್ಲಿ ಬರೆದು ಸೀಲ್ ಹಾಕಿಕೊಟ್ಟರು. ಎರಡು ದಿನ ಕೇಳಿದ್ದೆ. ಅಕ್ಕ, ನಿಮ್ಮ ಉಪಕಾರ.

ಕನ್ನಡಿ ಹೋದ ಸಲವೇ ಹಾಕಿಸಿದ್ದೆ. ಈಗ ಫಾಗ್ ಲ್ಯಾಂಪ್, ಹಿಂದೆ ಪೂರ್ತಿ ರೇಡಿಯಂ ಪಟ್ಟಿ ಆಯಿತು. ಬರುತ್ತಾ ಹುಡುಗನಿಗೆ ಒಂದು ಟಾರ್ಚ್ ತಂದುಕೊಟ್ಟೆ. ಮನೆ ಅಂಗಳದಲ್ಲಿ ನಡೆಸಿ ನೋಡಿದೆ. ಅವನದು ಗಿಡ್ಡ ಹೆಜ್ಜೆ, 50 ಮೀಟರಿಗೆ ಎಂಬತ್ತೆರಡು ಬಂತು.