ಪದಚರ್ಚೆ: ವೈರಸ್ಸಿಗೆ ‘ತಳಿ’ ಅನ್ನಬಹುದಾ? ಬೋರ್ಡಿಗೆ ಬೇಕು, ನಾಳೆ ಬೆಳಗ್ಗೆ ಒಳಗೆ

ಎಲ್ಲರಿಗೂ ನಮಸ್ಕಾರ. ಕೋಲಾರದ ಹತ್ರ ಒಂದು ಟೊಮೆಟೊ ನರ್ಸರಿಗೆ ಬೋರ್ಡ್ ಬರೆದುಕೊಡ್ತಿದೀನಿ, ಫ್ಲೆಕ್ಸ್‌ನವರು ನಾಳೆ ಹನ್ನೊಂದಕ್ಕೆ ಮ್ಯಾಟರ್ ಕೇಳಿದಾರೆ. ‘ಸ್ಟ್ರೇನ್’ಗೆ (ಒಂದೇ ವೈರಸ್ಸಿನ ಬೇರೆ ಬೇರೆ ಬಗೆಗೆ) ತಳಿ ಅಂತ ಹಾಕಿ “ಎಲೆ ಮುಟುರು ವೈರಸ್ಸಿನ ಹೊಸ ತಳಿಗಳು ನಿರೋಧಕ ತಳಿಗಳಿಗೂ ತಗಲಬಹುದು” ಅಂತ ಬರೆದಿದ್ದೆ. ಸಸಿ ಒಯ್ಯೋಕೆ ಬಂದಿದ್ದ ರೈತರೊಬ್ಬರಿಗೆ ಓದಿ ಹೇಳಿದೆ, ಅವರು ಪ್ರೋಟ್ರೇ (ಸಸಿ ಬೆಳೆಸೋ ತಟ್ಟೆ) ಕಡೆ ನೋಡ್ಕೊಂಡು “ಹೊಸ ತಳಿ ಬಂದೈತಾ, ಸಸಿಗೆ ಎಷ್ಟು?” ಅಂದ್ರು. ಅಲ್ಲಿಗೆ ಗೊತ್ತಾಯ್ತು ಈ ಪದ ನಡೆಯಲ್ಲ ಅಂತ. ಇನ್ನೊಂದು, ಜೊತೆಗೆ ಹಂಚೋ ಕರಪತ್ರಕ್ಕೆ ‘ರೀಕಾಂಬಿನೇಶನ್’ಗೆ, ಅಂದ್ರೆ ಎರಡು ವೈರಸ್ಸಿನ ತುಂಡುಗಳು ಕೂಡಿ ಹೊಸದು ಹುಟ್ಟೋದಕ್ಕೆ, ಕನ್ನಡ ಪದ ಬೇಕು. ಪುನಸ್ಸಂಯೋಜನೆ ಅಂತ ಬರೆದು ಓದಿದ್ರೆ ನನ್ನ ನಾಲಿಗೆನೇ ತೊಡರುತ್ತೆ.

ಮರು: ತಳಿ
ಮೊದಲು ‘ವೈರಸ್’ ತೆಗೀರಿ, ಆಮೇಲೆ ತಳಿ ಮಾತು. ನಂಜು ಅನ್ನೋ ಪದ ಇರೋವಾಗ ಯಾಕೆ ಈ ಕಡ? ಲ್ಯಾಟಿನ್ನಲ್ಲಿ ವೈರಸ್ ಅಂದ್ರೆ ವಿಷ, ಕನ್ನಡದಲ್ಲಿ ವಿಷಕ್ಕೆ ನಂಜು, ತಮಿಳಿನಲ್ಲೂ ಅದೇ. ಅರ್ಥಕ್ಕೆ ಅರ್ಥ ಕೂತಿದೆ. ನಂಜಾಣು ಅನ್ನಿ, ನಂಜುರೋಗ ಅನ್ನಿ. ತಳಿ ಅನ್ನೋದಕ್ಕೆ ತಳಿರಿನ ನಂಟಿದೆ ಅನ್ನೋದು ನನ್ನ ಎಣಿಕೆ, ಚಿಗುರೋದಕ್ಕಷ್ಟೇ ಒಪ್ಪುತ್ತೆ. ನಂಜು ಚಿಗುರಲ್ಲ.

ಮರು: ಮರು: ತಳಿ
ಕಾಲು ಕೆರಳಿ ಊದಿಕೊಂಡ್ರೆ ನಂಜಾಗಿದೆ ಅಂತೀವಿ, ಮೈಗೆ ಆಗದ ಆಹಾರಕ್ಕೆ ನಂಜು ಅಂತೀವಿ. ಅದನ್ನ ತಂದು ಇಲ್ಲಿ ಹಾಕಿದ್ರೆ ಮತ್ತೊಂದು ಗೊಂದಲ. ‘ವೈರಾಣು’ ಪೇಪರಲ್ಲಿ, ಪಠ್ಯದಲ್ಲಿ ಬೇರೂರಿದೆ. ವಿಷ ಮತ್ತು ವೈರಸ್ ಒಂದೇ ಮೂಲದವು, ಹಾಗಾಗಿ ಸಂಸ್ಕೃತಕ್ಕೆ ಇದೇನೂ ಪರದೇಶಿ ಅಲ್ಲ. ಸ್ಟ್ರೇನ್‌ಗೆ ‘ರೂಪಾಂತರಿ’ ಹಾಕಿ, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಬಂದಾಗಿದೆ.

ಮರು: ಮರು: ಮರು: ತಳಿ
ವಿಷಕ್ಕೂ ವೈರಸ್ಸಿಗೂ ನಂಟು ಸರಿ, ವೈರಾಣುವಿಗೆ ಏನು ನಂಟು? ಅದರಲ್ಲಿರೋದು ವೈರ, ಹಗೆ. ಸದ್ದು ಹತ್ರ ಇದೆ ಅಂತ ಕಟ್ಟಿದ ಪದ ಅದು. ಒಪ್ಪಲ್ಲ.

ಮರು: ಬೋರ್ಡ್ ವಿಷಯ
ಇಬ್ರೂ ಸ್ವಲ್ಪ ನಿಲ್ಲಿಸ್ತೀರಾ, ಕೇಳಿದವರಿಗೆ ನಾಳೆ ಬೆಳಗ್ಗೆ ಬೇಕು. ನಾನು ಮುಳಬಾಗಿಲು ಕಡೆ ತೋಟಗಳಲ್ಲಿ ಓಡಾಡೋನು. ಇಲ್ಲಿ ಯಾರೂ ನಂಜಾಣು ಅನ್ನಲ್ಲ, ವೈರಾಣುನೂ ಅನ್ನಲ್ಲ. “ತೋಟಕ್ಕೆ ವೈರಸ್ ಬಿದ್ದೈತೆ” ಅಂತಾರೆ, ಇಲ್ಲಾ “ಮುಟುರು ಬಂದೈತೆ”. ವೈರಸ್ ಎರವಲು ಅಂತ ಕಿತ್ತುಹಾಕೋದಾದ್ರೆ ಟೊಮೆಟೊನೂ ಕೀಳಬೇಕಾಗುತ್ತೆ ಸರ್, ಮೆಕ್ಸಿಕೋದ ನಹುವಾಟ್ಲ್ ಭಾಷೆಯಿಂದ ಸ್ಪ್ಯಾನಿಷ್ ದಾಟಿ ಬಂದಿರೋ ಪದ ಅದು, ಗಿಡದ ಜೊತೆ ಹೆಸರೂ ಬಂತು, ರೋಗದ ಜೊತೆ ರೋಗದ ಹೆಸರೂ ಬರುತ್ತೆ.

ತಳಿ ಬೇಡವೇ ಬೇಡ. ಕಾರಣ ಬರೀ ಗೊಂದಲ ಅಲ್ಲ, ದುಡ್ಡಿನ ವಿಷಯ. ಈ ರೋಗ ಹರಡೋದು ಮುಖ್ಯವಾಗಿ ಬಿಳಿನೊಣದಿಂದ, ಆದ್ರೆ ತುಂಬಾ ಜನ ಬೀಜದ ಮೇಲೆ ತಪ್ಪು ಹೊರಿಸ್ತಾರೆ. ಬೋರ್ಡಲ್ಲಿ ತಳಿ ಅಂತ ಕಂಡ್ರೆ ಅದೇ ತಪ್ಪು ಗಟ್ಟಿಯಾಗುತ್ತೆ, ನೊಣ ಬಿಟ್ಟು ಬೀಜದ ಪ್ಯಾಕೆಟ್ ಬದಲಾಯಿಸ್ತಾ ಕೂರ್ತಾರೆ. 1999ರಲ್ಲಿ ಇದೇ ಕೋಲಾರ ಜಿಲ್ಲೆಯಲ್ಲಿ ಬಿಳಿನೊಣದ ಬಿ ಬಯೋಟೈಪ್ (ನೋಡೋಕೆ ಅದೇ ನೊಣ, ಒಳಗೆ ಬೇರೆ ಬಗೆ) ಸಿಕ್ತು, ಭಾರತದಲ್ಲೇ ಮೊದಲು. ಅದಕ್ಕೂ ‘ಹೊಸ ತಳಿ’ ಅಂತ ಬರೆದ್ರೆ ನೊಣದ್ದೊಂದು ತಳಿ, ವೈರಸ್ಸಿಂದೊಂದು ತಳಿ, ಗಿಡದ್ದೊಂದು ತಳಿ, ಒಂದೇ ಸಾಲಲ್ಲಿ ಮೂರು. ‘ಬಗೆ’ ಸಾಕು. ರೂಪಾಂತರಿ ಅಂದ್ರೆ ಇದ್ದಿದ್ದೇ ಬದಲಾಯ್ತು ಅನ್ನೋ ಅರ್ಥ ಬರುತ್ತೆ, ಹೊರಗಿಂದ ಬಂದಿರೋದನ್ನ ಅದು ಹೇಳಲ್ಲ.

ರೀಕಾಂಬಿನೇಶನ್‌ಗೆ ನಾನು ‘ಕಸಿ’ ಅಂತ ಹೇಳಿ ನೋಡಿದೀನಿ. ಶ್ರೀನಿವಾಸಪುರದ ಮಾವಿನ ಕಡೆಯವರಿಗೆ ತಕ್ಷಣ ಹತ್ತುತ್ತೆ, ಎರಡು ವೈರಸ್ ಒಂದೇ ಗಿಡದ ಒಂದೇ ಕೋಶದಲ್ಲಿ ಸೇರಿದಾಗ ಇದರ ತುಂಡು ಅದಕ್ಕೆ ಕೂಡಿಕೊಂಡು ಮೂರನೇದೊಂದು ಹುಟ್ಟುತ್ತೆ ಅಂತ.

ಮರು: ಬೋರ್ಡ್ ವಿಷಯ
ಕಸಿ ಹಾಕಬೇಡಿ. ನರ್ಸರಿಯಲ್ಲಿ ಬದನೆ ಬುಡಕ್ಕೆ ಟೊಮೆಟೊ ಕಸಿ ಮಾಡಿರೋ ಸಸಿ ಮಾರೋದಿದೆ. ಕಸಿ ಮಾಡಿದ್ರೆ ವೈರಸ್ ಹುಟ್ಟುತ್ತೆ ಅಂತ ಓದ್ಕೊಂಡು ಆ ಸಸಿನೇ ಮುಟ್ಟಲ್ಲ ಯಾರೂ. ‘ಮರುಜೋಡಣೆ’ ಇರಲಿ. ಆದ್ರೆ ಒಂದು ಜಾಗ್ರತೆ: ಬೆಂಗಳೂರು ಹೆಸರಿನ ಮುಟುರು ವೈರಸ್ಸಿಗೆ ಸುಮಾರು 2,700 ಅಕ್ಷರದ ಒಂದೇ ಡಿಎನ್‌ಎ ಉಂಗುರ, ದೆಹಲಿ ಹೆಸರಿನದಕ್ಕೆ ಅಂಥವು ಎರಡು. ಉಂಗುರದೊಳಗಿನ ತುಂಡು ಬದಲಾದ್ರೆ ಮರುಜೋಡಣೆ, ಇಡೀ ಉಂಗುರನೇ ಅತ್ತಿತ್ತ ಆದ್ರೆ ಅದು ಅದಲುಬದಲು. ಎರಡಕ್ಕೂ ಒಂದೇ ಪದ ಹಾಕಿದ್ರೆ ಮುಂದೆ ಪುಸ್ತಕ ಬರೆಯೋವಾಗ ಒದ್ದಾಡ್ತೀರಿ.

ಮರು: ತಳಿ
ಮರುಜೋಡಣೆ ಸರಿ ಇದೆ. ವೈರಸ್ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ, ನನ್ನ ಒಪ್ಪಿಗೆ ಇಲ್ಲ. ನಂಜುರೋಗ ಅಂತ ಕೃಷಿ ಪುಸ್ತಕಗಳಲ್ಲೇ ಬರೀತಿದ್ರು, ನಾವು ಕೈಬಿಟ್ಟಿದ್ದಕ್ಕೇ ಅದು ರೈತರ ಬಾಯಿಗೆ ಬರಲಿಲ್ಲ.

ಮರು: ತಳಿ
ತುಂಬಾ ಉಪಕಾರ ಆಯ್ತು. ಬೋರ್ಡಿಗೆ ಇದನ್ನ ಕಳಿಸ್ತಿದೀನಿ: “ಎಲೆ ಮುಟುರು ರೋಗ ತರೋ ವೈರಸ್ಸಲ್ಲಿ ಹಲವು ಬಗೆ ಇವೆ. ರೋಗ ತಡೆಯುವ ತಳಿ ಹಾಕಿದ್ರೂ ಬಿಳಿನೊಣ ತಡೆಯಿರಿ. ಸಸಿಮಡಿಗೆ ಪರದೆ ಕಟ್ಟಿ. ಮುಟುರಿದ ಗಿಡ ಕಿತ್ತು ಹೊರಗೆ ಹಾಕಿ.” ತಳಿ ಒಂದೇ ಸಲ, ಗಿಡಕ್ಕೆ ಮಾತ್ರ. ಕರಪತ್ರಕ್ಕೆ ಮರುಜೋಡಣೆ. ನಂಜುರೋಗ ಅನ್ನೋದನ್ನೂ ಕರಪತ್ರದ ತಲೆಬರಹದಲ್ಲಿ ಹಾಕ್ತೀನಿ ಸರ್, ಬೋರ್ಡಲ್ಲಿ ಜಾಗ ಇಲ್ಲ. ‘ಹೊರಗೆ ಹಾಕಿ’ ಅಂದ್ರೆ ಬದುವಿನ ಮೇಲೆ ಎಸೆದು ಹೋಗ್ತಾರೆ ಅಂತ ಮನೆಯವರು ಹೇಳ್ತಿದಾರೆ, ‘ಹೂತುಹಾಕಿ’ ಅಂತ ಮಾಡ್ತೀನಿ.